ಹೆಪ್ಪು

ಕೆಂಪು ಮುಚ್ಚಳದ ನಳಿಕೆಯಲ್ಲಿ ಅಕ್ಕಯ್ಯಮ್ಮನ ನೆತ್ತರನ್ನು
ಅರ್ಧ ಗಂಟೆ ಸುಮ್ಮನೆ ನಿಲ್ಲಿಸಿದೆ.
"ಯಾಕೆ ನಸೀಮವ್ವ, ಮಡಗಿಬಿಟ್ಟೆ?"
"ಹೆಪ್ಪುಗಟ್ಟಬೇಕು."
"ಓ, ಮೊಸರಿನಂಗೆ," ಎಂದು ನಕ್ಕು
ಬಾತ ಮಂಡಿಯನ್ನು ಎರಡೂ ಕೈಯಲ್ಲಿ ಎತ್ತಿ
ಅತ್ತ ಇಟ್ಟುಕೊಂಡಳು,
ಬೇರೆ ಯಾರದೋ ಸಾಮಾನು ಸರಿಸಿದ ಹಾಗೆ.

ಚಿಂತಾಮಣಿ ಬಸ್ ನಿಲ್ದಾಣದ ಹಿಂದೆ, ಗೊಬ್ಬರದಂಗಡಿಯ ಮೇಲೆ
ಹತ್ತಡಿ ಹನ್ನೆರಡಡಿ ನಮ್ಮ ಲ್ಯಾಬು.
ಕರೆಂಟು ಹೋದರೆ ಸೆಂಟ್ರಿಫ್ಯೂಜು
ಗೊಣಗಿ ಗೊಣಗಿ ನಿಲ್ಲುತ್ತದೆ.

ಸಂಜೆಗೆ ಜ್ವರ, ಬೆಳಗಿಗೆ ಬೆವರು,
ಹೋಯಿತು ಅಂದುಕೊಂಡ ವಾರಕ್ಕೆ ಮತ್ತೆ.
ಯುಗಾದಿಯಿಂದೀಚೆಗೆ ಎರಡು ಸಲ ಟೈಫಾಯ್ಡ್ ಎಂದು ಬರೆದದ್ದು
ಇದೇ ಲ್ಯಾಬು. ಇದೇ ನನ್ನ ಕೈಬರಹ.
ಹೊಸ ಡಾಕ್ಟರು ಜ್ವರ ಕೇಳಲಿಲ್ಲ,
ಕಸುಬು ಕೇಳಿದರು.

ಊರ ಹಸುಗಳಿಗೆಲ್ಲ ಹೆರಿಗೆ ಮಾಡಿಸಿದ ಕೈ.
ಕರು ಅಡ್ಡಬಿದ್ದರೆ ಮೊಣಕೈವರೆಗೂ ಒಳಗೆ,
ಬರಿಗೈ, ಒಂದಿಷ್ಟು ಹರಳೆಣ್ಣೆ.
ಮಾಘದಲ್ಲಿ ತನ್ನದೇ ಕೆಂದಿ
ಏಳು ತಿಂಗಳಿಗೆ ಕಂದು ಹಾಕಿತು.
ಮಾಸು ಬೀಳಲಿಲ್ಲ. ಇವಳೇ ಕಿತ್ತಳು,
ಅದರ ಬೆನ್ನು ಸವರುತ್ತ, ಏನೋ ಮಾತಾಡುತ್ತ.

ಬಿಳಿ ಟೈಲಿನ ಮೇಲೆ ಒಂದು ಹನಿ ಸೀರಮ್ಮು,
ಕಡಲೆಕಾಯಿ ಎಣ್ಣೆಯ ಬಣ್ಣ.
ಪಕ್ಕಕ್ಕೊಂದು ಹನಿ ಗುಲಾಬಿ ದ್ರವ:
ಅದರೊಳಗೆ ಕೊಂದು ಬಣ್ಣ ಹಚ್ಚಿದ ಕ್ರಿಮಿಗಳು,
ಗುರುತು ಹಿಡಿಸಲು ಮಲಗಿಸಿದ ಹೆಣಗಳು.
ಹಲ್ಲುಕಡ್ಡಿಯಲ್ಲಿ ಕಲಸಿ
ತೊಟ್ಟಿಲಿನ ಹಾಗೆ ತೂಗಬೇಕು, ನಾಲ್ಕು ನಿಮಿಷ.

ಮೊದಲ ನಿಮಿಷಕ್ಕೇ ಒಡೆಯಿತು.
ಹುಳಿ ಬಿದ್ದ ಹಾಲು.
ಅಂಚಿಗೆಲ್ಲ ಗುಲಾಬಿ ಗರಣೆ.
ಅವಳ ಮೈ ತಿಂಗಳುಗಟ್ಟಲೆ ಹೇಳುತ್ತಲೇ ಇತ್ತು,
ನಾನು ಬೇರೆ ಪ್ರಶ್ನೆ ಕೇಳುತ್ತಿದ್ದೆ.

"ಒಡೀತಲ್ಲ," ಎಂದಳು ಅವಳೇ, ಭುಜದ ಮೇಲಿಂದ ಬಗ್ಗಿ.
ಹಾಲಿನವಳಿಗೆ ಒಡೆದದ್ದು ತಿಳಿಯದೆ?
"ನೆತ್ತರಿಗೆ ಯಾರು ಹೇಳಿದ್ರು?"
"ಕಂಡದ್ದನ್ನ ಅದು ಮರೆಯಲ್ಲ ಅಕ್ಕಯ್ಯಮ್ಮ.
ವಾಸಿಯಾದ ಮೇಲೂ ಎಷ್ಟೋ ದಿನ ಇಟ್ಟುಕೊಂಡಿರತ್ತೆ."
"ಅಷ್ಟು ಜ್ಞಾಪಕ ಒಳ್ಳೇದಲ್ಲ ಬಿಡು."

ಆರು ವಾರ ಮಾತ್ರೆ ಕೊಡ್ತಾರೆ, ನಡುವೆ ಬಿಡಬೇಡ.
ಹಸಿ ಹಾಲು ಬೇಡ. ಬರಿಗೈ ಬೇಡ.
"ಕೆಂದೀದೂ ರಕ್ತ ತೆಗೆಸಬೇಕು,
ಪಶು ಆಸ್ಪತ್ರೆಗೆ ನಾನೇ ಫೋನು ಮಾಡ್ತೀನಿ."

ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದಳು.
ಮೂರೇ ನೋಟು. ಮತ್ತೊಮ್ಮೆ ಎಣಿಸಿದಳು.
"ಮಾರಿಬಿಟ್ಟೆ."
"ಯಾರಿಗೆ?"
ಕೆಳಗೆ ಬಾಗೇಪಲ್ಲಿ ಬಸ್ಸು ಹಾರನ್ನು ಹೊಡೆಯಿತು.
"ಎಳೇ ಮಗು ಇರೋ ಮನೆ. ಹಾಲಿಗೇಂತ ತಗೊಂಡ್ರು."

ಫಾರಮ್ಮಿನಲ್ಲಿ ಹೆಸರು, ವಯಸ್ಸು, ಫಲಿತಾಂಶ.
ಹಸುವಿಗೆ ಕಾಲಂ ಇಲ್ಲ.
ಸಹಿಗೂ ಸೀಲಿಗೂ ನಡುವೆ
ಬೆರಳಗಲ ಜಾಗ.
ಅಲ್ಲಿ ಪೆನ್ನು ಊರಿ ಕೇಳಿದೆ:
"ಯಾವ ಊರು ಅದು, ಹೇಳು."