ಕಾಟಾ ಬಂದ್ ಅದ

ಶಹಾಬಾದದಾಗ ಮೇ ತಿಂಗಳ ಎರಡು ಗಂಟಿ ಅಂದ್ರ
ಕಲ್ಲಿಗೂ ನೆರಳು ಬೇಕನಸ್ತದ.
ಪರ್ಶಿ ಹೇರಿದ ಲಾರಿ ಒಂಬತ್ತು ನಿಂತಾವ
ರೇಲ್ವೆ ಗೇಟಿನ ತನಕ.
ಮೊದಲಿಂದು ತಟ್ಟಿ ಮ್ಯಾಲೇ ಅದ,
ನನ್ನ ಕಂಪ್ಯೂಟರಿನಾಗ ಮಾತ್ರ
ಸೊನ್ನಿ.

ಕಂಪ್ಯೂಟರ್ ಎಂಥದು ಅಂತ ಕೇಳಬ್ಯಾಡ್ರಿ.
ಮಾಲಕರ ಮಗಳು ಹತ್ತನೇತ್ತ ಓದೂಮುಂದ ತಂದದ್ದು,
ಈಗ ಆಕಿ ಮಗ ಆರನೇತ್ತ ಇದ್ದಾನ.
ಬಿಳಿ ಡಬ್ಬಿ ಬೆಲ್ಲದ ಬಣ್ಣಕ್ಕ ತಿರುಗ್ಯದ,
ಒಂದು ಬದಿ ಮುಚ್ಚಳಿಲ್ಲ,
ಪಾಲಿಶ್ ಮಶೀನಿನ ಧೂಳು ಒಳಗ ಕುಂತು
ಮದರ್‌ಬೋರ್ಡಿಗೆ ವಿಭೂತಿ ಹಚ್ಚ್ಯದ.

ಕಾಟಾದ ವಾಯರು ಹಳೇ ನಮೂನಿದು, ಒಂಬತ್ತು ಸೂಜಿದು.
ಅದಕ್ಕೊಂದು ಕನ್ವರ್ಟರ್, ನೀಲಿ ಬಾಲದ್ದು,
ಬಾಲದ ತುದಿಗೆ ಯು.ಎಸ್.ಬಿ.
ಆ ಬಾಲಕ್ಕ ಇವತ್ತ ಏನೋ ಆಗ್ಯದ.
ಟುಂ ಟೂಂ ಅಂತದ, ಉಸಿರು ಬಿಡೂದ್ರಾಗ ಟೂಂ ಟುಂ.
ಬಂದೆ ಅಂತದ. ಹೋದೆ ಅಂತದ.
ಪರದೆ ಮ್ಯಾಲ ಹಳದಿ ತ್ರಿಕೋನ:
ಇದು ಯಾರೋ ಗೊತ್ತಿಲ್ಲ.

ತಾಂಡೂರಿನ ಯಾದಯ್ಯ ಕಿಡಕ್ಯಾಗ ತಲಿ ಹಾಕಿ, ಊದು ಅಂದ.
ಊದಿದೆ. ನನ್ನ ಕಣ್ಣಾಗೇ ಸುಣ್ಣ ಬಿತ್ತು.
ಜೇವರ್ಗಿ ಗಪೂರಸಾಬ, ತಿರುವಿ ಹಾಕು ಅಂದ.
ತಿರುವಿದೆ, ಹೋಗಲಿಲ್ಲ. ಮತ್ತ ತಿರುವಿದೆ, ಹೋಗಲಿಲ್ಲ.
ಮೂರನೇ ಸಲ, ಮೊದಲಿನಂಗೇ ಹಿಡದಾಗ, ಹೋಯ್ತು.
ಈ ತೂತಿನ ನ್ಯಾಯ ಯಾವ ಪಂಚರಿಗೂ ತಿಳಿದಿಲ್ಲ.

ಕಲಬುರಗಿಗೆ ಫೋನ್ ಹಚ್ಚಿದೆ.
ರಿಪೇರಿ ಮಾಡೂ ವಿರೂಪಾಕ್ಷಿ ಊಟಕ್ಕ ಕುಂತಿದ್ದ,
ಕಡಕ್ ರೊಟ್ಟಿ ಮುರಿಯೂ ಸಪ್ಪಳ ಕೇಳ್ತಿತ್ತು.
"ಮುಂದಿನ ತೂತು ಬಿಡು, ಹಿಂದಿನದಕ್ಕ ಹಾಕು."
ಹಾಕಿದೆ.
"ಗ್ವಾಡಿ ಪ್ಲಗ್ ಕಿತ್ತು, ಪವರ್ ಬಟನ್
ಅರ್ಧ ನಿಮಿಷ ಒತ್ತಿ ಹಿಡಿ.
ಒಳಗ ಉಳಿದದ್ದೆಲ್ಲಾ ಇಳೀಲಿ."
ಹಿಡಿದೆ. ಲಾರಿಯವರು ಹಾರ್ನ್ ಹೊಡೆದು ಎಣಿಸಿದ್ರು.
"ಡ್ರೈವರ್ ಹೊಸದು ಹಾಕಿ ನೋಡೀದೇನು?"
ಒಂಬತ್ತು ಮಂದಿ ಡ್ರೈವರ್ ಇಲ್ಲೇ ನಿಂತಾರೋ ಮಾರಾಯಾ,
ಒಬ್ಬನೂ ಉಪಯೋಗಿಲ್ಲ.
ಆಂವ ನಗಲಿಲ್ಲ. "ಹಂಗಾರ ಕರೆಂಟ್ ಸಾಲವಲ್ದು.
ಮುದಿ ಡಬ್ಬಿ ಅದು, ಸೊರಗ್ಯದ.
ಅದರ ಎದಿಗೆ ಎಷ್ಟು ಬಾಯಿ ಬಿದ್ದಾವ, ಎಣಿಸು."

ಬಗ್ಗಿ ನೋಡಿದೆ. ಹಿಂದ, ಜೇಡರ ಬಲಿ ಒಳಗ,
ಒಂದು ಮೊಬೈಲು ನೇತಾಡ್ತಿತ್ತು.
ಯಾದಯ್ಯನ ಕ್ಲೀನರ್ ಹುಡುಗಂದು. ಸಾಯಿಬಣ್ಣಂದು.

ಬೈದೆ. ಬೈಬೇಕಾದ್ದಕ್ಕಿಂತ ಒಂದು ಬೊಗಸಿ ಹೆಚ್ಚೇ.
ಅವರಪ್ಪನ ಹೆಸರೂ ನಡುವ ತಂದೆ.
ಹುಡುಗ ತುಟಿ ಬಿಚ್ಚಲಿಲ್ಲ.
ಹನ್ನೊಂದು ಪರ್ಸೆಂಟ್ ಆಗಿದ್ದ ಮೊಬೈಲ್
ಅಂಗಿಗೆ ಒರೆಸಿಕೊಂಡು
ಲಾರಿ ಹತ್ತಿ ಕುಂತ.

ಟುಂ ಟೂಂ. ಟೂಂ ಟುಂ.
ತ್ರಿಕೋನ ಅಲ್ಲೇ.

ಬೆವರು ಒರಸಲಿಕ್ಕಂತ ಮುಖ ಎತ್ತಿದೆ,
ಗಾಳಿ ಬಡೀತು.
ಅಂಗೈಯಷ್ಟು ಪಂಖಾ. ಹಸರಂದು.
ಸ್ಟೇಷನ್ ಮುಂದ ತೊಂಬತ್ತು ರೂಪಾಯಿಗೆ ನಾನೇ ತಂದದ್ದು,
ಮುಂದಿನ ತೂತಿನಾಗ ನಾನೇ ಚುಚ್ಚಿದ್ದು,
ಮುಂಜಾನಿಂದ ನನ್ನ ಗದ್ದಕ್ಕೇ ಬೀಸ್ತಿತ್ತು.
ಕಣ್ಣೆದುರಿಗೆ ಗರಗರ ತಿರುಗೂದು
ತಿರುಗೂತನಾ ಕಾಣಂಗಿಲ್ಲ.

ಕಿತ್ತೆ.
ಧಗಿ ಬಂದು ಹೆಗಲ ಮ್ಯಾಲ ಕುಂತಿತು.
ಟುಂ ಟೂಂ, ಒಂದೇ ಸಲ.
ಸೊನ್ನಿ ಅಳ್ಳಾಡ್ತು,
ತಟ್ಟಿ ಮ್ಯಾಲಿನ ಲಾರಿ ಪರದೆ ಮ್ಯಾಲ ಏರಿತು:
ಇಪ್ಪತ್ತಾರು ಸಾವಿರದ ಮುನ್ನೂರಾ ಎಂಬತ್ತು.

ಲಾರಿ ಯಾದಯ್ಯಂದು.
ತೂಕ ಹಿಡಿಯೂಮುಂದ ಕ್ಯಾಬಿನ್ ಖಾಲಿ ಇರಬೇಕು.
ಸಾಯಿಬಣ್ಣಾ, ಇಳಿಯೋ ತಮ್ಮಾ, ಅಂದೆ.
ಸಣ್ಣ ದನಿಯಾಗೇ ಅಂದೆ.
ಇಳಿದ.
ಇಪ್ಪತ್ತಾರು ಸಾವಿರದ ಮುನ್ನೂರಾ ನಲವತ್ತು.

ಚೀಟಿ ಹರಿದು ಯಾದಯ್ಯನ ಕೈಯಾಗಿಟ್ಟೆ.
ಪಂಖಾದ ತೂತು ಖಾಲಿ ಅದ, ಖರೇ,
ಅದಕ್ಕ ಮತ್ತೇನೂ ಹಚ್ಚಂಗಿಲ್ಲ.
ಗ್ವಾಡ್ಯಾಗ ನನ್ನ ಚಾರ್ಜರ್ ಇತ್ತು,
ಪಿನ್ ಬ್ಯಾರೆ.
ನಲವತ್ತು ಕಿಲೊ ಬಿಸಲಾಗ ಎದುರಿಗೇ ನಿಂತಿತ್ತು.
ಎಷ್ಟು ಉಳಿದದೋ, ಅಂತ ಕೇಳಿದೆ.
"ಒಂಬತ್ತ್ ರೀ" ಅಂದ.
ಹಿಂದಿನ ಲಾರಿ ಹಾರ್ನ್ ಹೊಡೀತು.