ಮೂರು ಮಿಲಿಗ್ರಾಂ ಕತ್ತಲೆ

ಹೈದರಾಬಾದಿನ ಡಾಕ್ಟರು ಕಿರುಬೆರಳ ತುದಿ ತೋರಿಸಿ ಹೇಳಿದರು:
ಇಷ್ಟೇ ಇತ್ತು, ಒಂದು ತೊಗರಿ ಕಾಳು.
ಗಂಟಿನ ಜೊತೆ ಅದೂ ಬಂತು, ಬಿಡಿಸಲಾಗಲಿಲ್ಲ.
‘ಕಾಳು ಹೋದ್ರ ಏನಾಗ್ತದ್ರಿ?’ ಜಿಂದಮ್ಮ ಕೇಳಿದಳು.
‘ಕತ್ತಲಾದದ್ದು ಮೈಗೆ ತಿಳಿಯುವುದಿಲ್ಲಮ್ಮ.’

ಶಕ್ತಿನಗರದಲ್ಲಿ ಇದನ್ನು ಯಾರಿಗೆ ಹೇಳಲಿ?
ಇಲ್ಲಿ ಕತ್ತಲೆಯೇ ಆಗುವುದಿಲ್ಲ.
ಚಿಮಣಿಯ ನೆತ್ತಿಗೆ ಕೆಂಪು, ಗೇಟಿಗೆ ಹಳದಿ,
ಬೂದಿ ಕೂತ ಬೇವು ನಡುರಾತ್ರಿಯೂ ಬೆಳ್ಳಗೆ.
ಕ್ವಾರ್ಟರ್ಸಿನ ಹಿಂದಿನ ಹುಂಜ ಒಂದು ಗಂಟೆಗೇ ಕೂಗುತ್ತದೆ.
ಹಕ್ಕಿಯ ಬುರುಡೆ ತೆಳುವಂತೆ,
ಬೆಳಕು ನೇರ ಕಾಳಿಗೇ ಹೋಗಿ ತಾಗುತ್ತದಂತೆ.
ಮೋಸ ಹೋಗಲು ಅದಕ್ಕಾದರೂ ಕಾಳಿದೆ.

ಹತ್ತೊಂಬತ್ತು ವರ್ಷ, ವ್ಯಾಗನ್ ಮಗುಚುವ ಮಷಿನ್ನಿನ ಮುಂದೆ
ಕಣ್ಣಿಗೆ ತಣ್ಣೀರು, ದವಡೆಗೆ ಎಲೆ ಅಡಕೆ,
ಬಾಗಿಲಿಗೆ ಬರೆದ ಹಾಗೆ ರೆಪ್ಪೆಗೆ ಬರೆದುಕೊಂಡಿದ್ದೆ:
ನಾಳೆ ಬಾ.
ದಿನಾ ಬಂದು, ಓದಿ, ತಿರುಗಿ ಹೋಗುತ್ತಿತ್ತು ನಿದ್ದೆ.

ಈಗ ಹಗಲು ಡ್ಯೂಟಿ, ಸಾಹೇಬರ ಕರುಣೆ.
ಹಾಸಿಗೆ ಹಾಸಿ ಇವತ್ತೇ ಬಾ ಅನ್ನುತ್ತೇನೆ.
ಬರುತ್ತದೆ. ಚಹಾ ಒಲ್ಲೆನೆನ್ನುವ ಬೀಗರ ಹಾಗೆ
ತುದಿಯಲ್ಲಿ ಕೂತು, ಎರಡು ತಾಸಿಗೆ ಎದ್ದುಬಿಡುತ್ತದೆ.

ಮೂರು ಗಂಟೆ. ಗೂಡ್ಸ್ ಬಂತು. ಎಣಿಸುತ್ತೇನೆ.
ಐವತ್ತೆಂಟು ವ್ಯಾಗನ್ನು ಕಲ್ಲಿದ್ದಲು,
ಎಷ್ಟೋ ಕೋಟಿ ವರ್ಷ ಸುಮ್ಮನೆ ಮಲಗಿದ್ದದ್ದು.
ಎಬ್ಬಿಸಿ ಸುಡುವುದು ನಮ್ಮ ಕೆಲಸ.

ಸಕ್ಕರೆ ಏರಿದೆ.
ರಾತ್ರಿ ಇಳಿಯಬೇಕಾದ ಬಿಪಿ ಅಟ್ಟ ಹತ್ತಿ ಕೂತಿದೆ.
ಮಧ್ಯಾಹ್ನ ರೊಟ್ಟಿ ಮುರಿದ ಕೈ ಬಾಯಿಯ ದಾರಿ ಮರೆಯುತ್ತದೆ.
ಮೊನ್ನೆ ಮಗಳನ್ನು ‘ಏ, ಇಕಿ’ ಎಂದೆ,
ಹೆಸರು ಬರಲಿಲ್ಲ. ಆಕೆ ನಕ್ಕಳು, ಆಮೇಲೆ ನಗಲಿಲ್ಲ.
ಎಲ್ಲರಿಗೂ ಹೀಗಾಗುವುದಿಲ್ಲ ಎಂದಿದ್ದರು ಡಾಕ್ಟರು,
ಕಾಳಿಲ್ಲದೆಯೂ ಕೆಲವರು ಚೆನ್ನಾಗಿ ಮಲಗುತ್ತಾರೆ.
ಆ ಕೆಲವರ ವಿಳಾಸ ಕೇಳಬೇಕಿತ್ತು.

ಒಂಬತ್ತಕ್ಕೆ ಜಿಂದಮ್ಮ ಕಿಟಕಿಗೆ ಕೌದಿ ಕಟ್ಟುತ್ತಾಳೆ,
ಫೋನು ಕಸಿದು ಹಿಟ್ಟಿನ ಡಬ್ಬಿಗೆ ಹಾಕುತ್ತಾಳೆ.
ಅಂಗೈ ಮೇಲೆ ಗುಳಿಗೆ:
‘ತಗೋ, ನಿನ್ನ ಪಾಲಿನ ಕತ್ತಲಿ.’
ನುಂಗಿ ಕಾಯುತ್ತೇನೆ.

ನಾವು ಕಳಿಸಿದ ಕರೆಂಟು ಈಗ ಯಾವುದೋ ಊರಲ್ಲಿ
ಯಾರೋ ಸ್ವಿಚ್ಚಿಗೆ ಕೈ ಚಾಚಿ, ಟಕ್ಕೆಂದು ಆರಿಸುತ್ತಿರಬೇಕು.
ಅಷ್ಟು ಸುಲಭ ಅವರಿಗೆ.

ಗೊರಕೆ ಶುರುವಾಗಿದೆ, ನನ್ನದಲ್ಲ.
ಕೌದಿಯಲ್ಲೊಂದು ತೂತು.
ಅದರೊಳಗಿಂದ ಚಿಮಣಿಯ ದೀಪ ಗೋಡೆಗೆ ಬಂದು ಕೂತಿದೆ,
ಕೆಂಪಗೆ,
ತೊಗರಿ ಕಾಳಿನಷ್ಟು.