ಮೂರನೇ ಕುರ್ಚಿ

ಬೀಳಗಿ ಕಾಲೇಜಿನ್ಯಾಗ ನಿಸರ್ಗಪ್ರೇಮದ ಕವಿತಾ ಸ್ಪರ್ಧಾ.
ಮೂರು ಕುರ್ಚಿ, ಮೂರು ನೀರಿನ ಬಾಟ್ಲಿ.
ಒಂದರಾಗ ಕನ್ನಡ ಮಾಸ್ತರು,
ಒಂದರಾಗ ಸಕ್ಕರಿ ಕಾರ್ಖಾನಿ ಡೈರೆಕ್ಟರು,
ಮೂರನೇದು ನಮ್ಮ ಸಾಹೇಬ್ರದು.
ಸಾಹೇಬ್ರಿಗೆ ಬಾಗಲಕೋಟ್ಯಾಗ ಮೀಟಿಂಗ್ ಬಂತು,
‘ರಾಜೇಸಾಬ, ಖಾಕಿ ಇಸ್ತ್ರಿ ಮಾಡಿಸ್ಕೊಂಡು ನೀನ ಹೋಗು’ ಅಂದ್ರು.

ಹಂಗಾಗಿ ಇಪ್ಪತ್ತೆರಡು ವರ್ಷ ಯಡಹಳ್ಳಿ ಗುಡ್ಡಾ ಕಾದಂವ
ಇವತ್ತ ಕವಿತಾ ಕಾಯಾಕ ಕುಂತೀನಿ.

ಗೆರಿ ಹೊಡದ ಹಾಳಿ ಕೊಟ್ರು:
ಭಾವ ಹತ್ತು, ಪ್ರಾಸ ಹತ್ತು, ಸಂದೇಶ ಹತ್ತು.
ನಮ್ಮ ಪಂಚನಾಮೆ ಹಾಳೀನೂ ಹಿಂಗ ಇರತೈತಿ:
ಸ್ಥಳ, ವ್ಯಾಳ್ಯಾ, ಸಿಕ್ಕ ಮಾಲು.

ಮೊದಲಿನ ಹುಡುಗ ಜಲಪಾತ ಓದಿದ.
ಎರಡನೇಯಂವ ಮುಂಜಾನಿ ಮಂಜು.
ಆಮ್ಯಾಲ ಕೋಗಿಲಿ, ಕೋಗಿಲಿ, ನವಿಲು, ಮತ್ತ ಕೋಗಿಲಿ.
ಒಬ್ಬಾಕಿ ನಮ್ಮ ಗುಡ್ಡದ ಚಿಗರಿ ಮ್ಯಾಲ ಬರದಿದ್ಲು,
ಮೈತುಂಬ ಚುಕ್ಕಿ ಇಟ್ಟು.
ನಾ ನೋಡಿದ ಚಿಗರಿಗೆ ಒಂದೂ ಚುಕ್ಕಿ ಇಲ್ಲ, ತಂಗಿ,
ಒಣಗಿದ ಕರಡದ ಬಣ್ಣ ಅದು.
ನಿಂತ್ರ ಕಾಣೂದಿಲ್ಲ,
ಓಡಿದಾಗ ಅಷ್ಟ, ಓ ಇತ್ತಲ್ಲ ಅಂತ ಗೊತ್ತಾಗೂದು.
ಕೈ ಎತ್ತಿ ಹೇಳೂ ಹೊತ್ತಲ್ಲ ಅದು.
ಏಳು ಹಾಕಿದೆ.

ಹದಿನಾಲ್ಕನೇ ನಂಬರ್ ಕಸ್ತೂರಿ ದುರಗಪ್ಪ,
ಬಿ.ಎ. ಎರಡನೇ ವರ್ಷ. ಕೈಯಾಗ ಹಾಳಿ ಇಲ್ಲ.
‘ನಮ್ಮಪ್ಪ ಕೌಜುಗದ ಕೂಡ ಮಾತಾಡ್ತಾನ’
ಅಂತ ಸುರು ಮಾಡಿದ್ಲು.

ನನ್ನ ಕಿವಿ ನೆಟ್ಟಗಾದುವು.

ಗಂಡು ಕರದ್ರ ಹೆಂಗ, ಹೆಣ್ಣು ಓಗೊಟ್ರ ಹೆಂಗ,
ಮರಿ ಕಳಕೊಂಡಾಗ ಕೂಗು ಎಲ್ಲಿ ಮುರಿತೈತಿ,
ಮಳಿ ಬರೂ ಮುಂದ ಎಲ್ಲಾ ಸುಮ್ಮಾಗತಾವು.
ತಂಗಡಿಕಿ ಬುಡಕ ಕುದರಿ ಬಾಲದ ಉರುಳು,
ಅದನ್ನ ಹೊಸಿಯೂ ಅಪ್ಪನ ಬೆರಳ
ಸಾಲಿಗೆ ಹೋಗೂ ಮುಂದ ನನ್ನ ಜಡಿ ಹೆಣೀತಿದ್ದುವು.
ಚೀಲದಿಂದ ತಗದು ಕೈಯಾಗ ಹಿಡದ್ರ
ಹಕ್ಕಿ ಎದಿ ಹೊಲಗಿ ಮಷೀನಿನಂಗ ಹೊಡಕೋತಿತ್ತು.
ಆಮ್ಯಾಲ ನಾ ಉಂಡೆ.
ರುಚಿ ಇತ್ತು.

ಇಷ್ಟ ಅಂದು, ಬಾಯಿಗೆ ಕೈ ಗುಂಡಗ ಮಾಡಿ
ಕರದ್ಲು.

ಆ ಕೂಗು!
ಮೂರು ಚಳಿಗಾಲ ಅದರ ಬೆನ್ನ ಹತ್ತೀನಿ ನಾ,
ನಸಿಕಿನ್ಯಾಗ ಕವಳಿ ಕಂಟಿಗೆ ಖಾಕಿ ಹರಕೊಂಡೀನಿ,
ಬ್ಯಾಟರಿ ಬಿಟ್ರ ಬರೇ ಕಲ್ಲು,
ಹಕ್ಕೀನೂ ಇಲ್ಲ, ಮನಷ್ಯಾನೂ ಇಲ್ಲ.

ಕಾಲೇಜಿನ ಹಿಂದಿನ ಬೀಳಿನ್ಯಾಗಿಂದ
ಒಂದು ಓಗೊಟ್ಟಿತು.
‘ಮೈಕ್ ಕೆಟ್ಟೈತೇನ ನೋಡ್ರಿ’ ಅಂದ್ರು ಡೈರೆಕ್ಟರು.

ಮಾಸ್ತರು ನನ್ನ ಕಡೆ ಬಗ್ಗಿ ಕೇಳಿದ್ರು:
‘ಇದರಾಗ ಪ್ರೇಮ ಎಲ್ಲೈತ್ರಿ, ಸಂದೇಶ ಎಲ್ಲೈತಿ?’
ಅವರ ಹಾಳ್ಯಾಗ ಎರಡು ಸೊನ್ನಿ, ದುಂಡಗ.
ನನ್ನ ಪೆನ್ನು ನಿಂತ ಬಿಟ್ಟಿತ್ತು.
ದುರಗಪ್ಪ. ಸುಣ್ಣದ ಭಟ್ಟಿ ದುರಗಪ್ಪ.
ಹೆಸರು ಸಿಕ್ತು, ಸ್ಥಳ ಸಿಕ್ತು,
ಮಗಳ ಬಾಯಾಗ ಮಾಲೂ ಸಿಕ್ತು.
ರಸೀದಿ ಬುಕ್ಕು ಕಿಸೇದಾಗ ಒತ್ತಾಕತ್ತಿತ್ತು.

ಭಾವಕ್ಕ ಹತ್ತು ಹಾಕಿದೆ.
ಕೆಳಗ, ಷರಾ ಅನ್ನೂ ಜಾಗಾದಾಗ,
ಪಂಚನಾಮೆ ಚಟ ನೋಡ್ರಿ, ಬರದೆ:
ಕೇಳಿದ್ದು ಖರೆ.

ಜಲಪಾತದ ಹುಡುಗಗ ಪಹಿಲಾ ಬಂತು.
ಅಂವ ಇನ್ನೂ ಜಲಪಾತ ನೋಡಿಲ್ಲಂತ.
ಗೋಕಾಕಕ್ಕ ಹೋಗೂದೈತ್ರಿ, ಅಂದ,
ಅಷ್ಟು ಆಸೆಲೆ ಅಂದ, ನನಗ ಒಂದು ನಂಬರ್ ಕಡಿಮಿ ಹಾಕಿದ್ನೇನೋ ಅನಿಸ್ತು.

ಕಸ್ತೂರಿಗೆ ಸಮಾಧಾನದ ಬಹುಮಾನ:
ಸ್ಟೀಲ್ ಡಬ್ಬಿ, ಒಂದು ಹೊಂಗಿ ಸಸಿ.
ಕೊಡೂ ಪಾಳಿ ನನ್ನದಾತು.
ಆಕಿ ಆಗ ಖಾಕಿ ನೋಡಿದ್ಲು. ಮಾರಿ ಬಿಳುಪಾತು.
ಸಸಿ ಇಬ್ಬರ ಕೈಯಾಗೂ ಇತ್ತು, ಯಾರೂ ಬಿಡವಲ್ವಿ.

‘ಮಳಿ ಬರೂ ಮುಂದ ಸುಮ್ಮಾಗತಾವಂದಿ,
ಯಾಕಂತ ಹೇಳಲಿಲ್ಲ’ ಅಂದೆ.
ಬಾಳ ಹೊತ್ತಿನ ಮ್ಯಾಲ
‘ಅಪ್ಪಗ ಕೇಳಿ ಹೇಳತೀನ್ರಿ’ ಅಂದ್ಲು.

ರಾತ್ರಿ ಸಾಹೇಬ್ರು ಫೋನ್ ಮಾಡಿದ್ರು, ಹೆಂಗಾತೋ ಅಂತ.
ಚಲೋ ಆತ್ರಿ, ಅಂದೆ.
ಕೋಗಿಲಿ ಬಾಳ ಬಂದಿದ್ದುವು.